ಕಮ್ಯುನಿಟಿ ಕಾಲೇಜ್ ಸೇರಿ ಆಮೇಲೆ ಬರ್ಕ್ಲಿ, ಯುಸಿಎಲ್‌ಎ: ಈ ದಾರಿ ನಿಜವಾಗಿ ನಡೆಯುತ್ತಾ?

ಸನ್ನಿವೇಲ್ ಅಮ್ಮ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಊಟಕ್ಕೆ ಕೂತರೂ ಇದೇ ಮಾತು, ಮಲಗೋಕೆ ಹೋದರೂ ಇದೇ ಮಾತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಗ ಈ ಜೂನ್‌ಗೆ ಹೈಸ್ಕೂಲ್ ಮುಗಿಸುತ್ತಾನೆ. ಮಾರ್ಕ್ಸ್ ಚೆನ್ನಾಗಿದೆ. ಆದರೆ ಎಲ್ಲ ಕಡೆ ಕಂಪ್ಯೂಟರ್ ಸೈನ್ಸೇ ಹಾಕಿದ್ದ. ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಲ್ಲಿ ಬರ್ಕ್ಲಿ, ಯುಸಿಎಲ್‌ಎ (ಲಾಸ್ ಏಂಜಲೀಸ್), ಸ್ಯಾನ್ ಡಿಯಾಗೋ ಮೂರೂ ಇಲ್ಲ ಅಂದವು. ರಿವರ್‌ಸೈಡ್, ಮರ್ಸೆಡ್ ಸಿಕ್ಕಿವೆ. ಪೂರ್ವ ಕರಾವಳಿಯ ಒಂದು ಖಾಸಗಿ ಯೂನಿವರ್ಸಿಟಿಯೂ ಬಾ ಅಂದಿದೆ, ಆದರೆ ಖರ್ಚು ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ಇವನು ಈಗ "ಡಿ ಆಂಜಾಗೆ ಹೋಗುತ್ತೇನೆ, ಎರಡು ವರ್ಷ ಓದಿ ಬರ್ಕ್ಲಿಗೆ ಟ್ರಾನ್ಸ್‌ಫರ್ ಆಗುತ್ತೇನೆ" ಅಂತ ಪಟ್ಟು ಹಿಡಿದಿದ್ದಾನೆ. ಡಿ ಆಂಜಾ ಅಂದರೆ ಇಲ್ಲೇ ಕೂಪರ್ಟಿನೋದ ಕಮ್ಯುನಿಟಿ ಕಾಲೇಜ್, ಡಿಗ್ರಿಯ ಮೊದಲ ಎರಡು ವರ್ಷ ಅಲ್ಲಿ ಓದಿ ಉಳಿದದ್ದನ್ನು ಯೂನಿವರ್ಸಿಟಿಯಲ್ಲಿ ಮುಗಿಸೋದು.

ನಮ್ಮ ಯಜಮಾನರು ಸುರತ್ಕಲ್‌ನಲ್ಲಿ ಓದಿದವರು. ಕಮ್ಯುನಿಟಿ ಕಾಲೇಜ್ ಅಂದ ಕೂಡಲೇ ಮುಖ ಸಪ್ಪೆ. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದರೆ "ಮಗ ಎಲ್ಲಿ ಸೇರಿದ?" ಅಂತ ಕೇಳುತ್ತಾರಲ್ಲ, ಅದಕ್ಕೆ ಏನು ಹೇಳೋದು ಅನ್ನೋದೇ ಅವರ ಚಿಂತೆ.

ಇನ್ನೊಂದು ವಿಷಯ. ನಾವು ಇನ್ನೂ ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಕುಟುಂಬದವರ ವೀಸಾ) ಮೇಲೇ ಇದ್ದೇವೆ. ಗ್ರೀನ್ ಕಾರ್ಡ್ ಯಾವ ಕಾಲಕ್ಕೋ. ಈ ದಾರಿಯಲ್ಲಿ ನಡೆದವರು, ಹತ್ತಿರದಿಂದ ನೋಡಿದವರು ಹೇಳಿ.

ಫ್ರೀಮಾಂಟ್ ರಾಯರು:

ಕೈಯಲ್ಲಿರೋ ರಿವರ್‌ಸೈಡ್ ಬಿಡೋದು ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ. ಅದೂ ಯುಸಿನೇ ಅಲ್ವಾ? ಕಮ್ಯುನಿಟಿ ಕಾಲೇಜ್‌ನಲ್ಲಿ ಎಷ್ಟೋ ಜನ ಕೆಲಸಕ್ಕೆ ಹೋಗುತ್ತಾ ಒಂದೊಂದು ಕ್ಲಾಸ್ ತಗೊಳ್ಳುವವರು. ಹುಡುಗನಿಗೆ ಓದೋ ಜೊತೆ ಸಿಗುವುದಿಲ್ಲ. ಹಾಸ್ಟೆಲ್ ಇಲ್ಲ, ಮನೆಯಿಂದಲೇ ಓಡಾಟ. ಎರಡು ವರ್ಷ ಅಂತ ಹೋದವರು ಮೂರು ವರ್ಷ ಆದರೂ ಅಲ್ಲೇ ಇರೋದನ್ನು ನೋಡಿದ್ದೇನೆ. ಹಿಂಬಾಗಿಲಿನಿಂದ ಬರ್ಕ್ಲಿಗೆ ಹೋಗೋದು ಅಷ್ಟು ಸುಲಭ ಆಗಿದ್ದರೆ ಎಲ್ಲರೂ ಹೋಗುತ್ತಿದ್ದರು.

ಗಣಿತದ ಮೇಷ್ಟ್ರು:

ನಾನು ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜ್‌ನಲ್ಲಿ ಸಂಜೆ ಹೊತ್ತು ಕ್ಯಾಲ್ಕುಲಸ್ ಪಾಠ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಟ್ಟು ಮುಂದೆ ಹೋಗಿ.

ರಾಯರೇ, ಇದು ಹಿಂಬಾಗಿಲಲ್ಲ. ಮನೆ ಕಟ್ಟುವಾಗಲೇ ಇಟ್ಟ ಬಾಗಿಲು. 1960ರಲ್ಲಿ ಕ್ಯಾಲಿಫೋರ್ನಿಯಾ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿತು. ಆಗ ಯುಸಿ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಅದರ ಮುಂದಾಳು. ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯುಸಿ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿ, ಯಾರು ಬಂದರೂ ಸೇರಿಸಿಕೊಳ್ಳಲು ಕಮ್ಯುನಿಟಿ ಕಾಲೇಜ್. ಅಲ್ಲಿ ಚೆನ್ನಾಗಿ ಓದಿದವರಿಗೆ ಮೂರನೇ ವರ್ಷಕ್ಕೆ ಯುಸಿಯಲ್ಲಿ ಜಾಗ ಇರಬೇಕು. ಪ್ಲಾನ್ ನಿಂತಿದ್ದೇ ಈ ಕೊನೆಯ ಮಾತಿನ ಮೇಲೆ. ಇಬ್ಬರು ಫ್ರೆಶ್‌ಮನ್‌ಗಳಿಗೆ (ಹೈಸ್ಕೂಲ್‌ನಿಂದ ನೇರ ಮೊದಲ ವರ್ಷಕ್ಕೆ ಸೇರುವವರು) ಒಬ್ಬ ಟ್ರಾನ್ಸ್‌ಫರ್ ಅನ್ನೋದು ಇವತ್ತಿಗೂ ಯುಸಿಯ ಗುರಿ. ಯುಸಿಎಲ್‌ಎ ತಗೊಳ್ಳುವ ಟ್ರಾನ್ಸ್‌ಫರ್ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಜನ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜ್‌ಗಳಿಂದ ಬಂದವರು. ಬೇರೆ ನಾಲ್ಕು ವರ್ಷದ ಕಾಲೇಜ್‌ನವರಿಗಿಂತ ಇವರಿಗೆ ಮೊದಲ ಆದ್ಯತೆ. ಹಾಗಾಗಿ "ರಿವರ್‌ಸೈಡ್ ಸೇರಿ ಅಲ್ಲಿಂದ ಬರ್ಕ್ಲಿಗೆ ಹಾರೋಣ" ಅನ್ನೋದು ಇದಕ್ಕಿಂತ ಕಷ್ಟದ ದಾರಿ. ರಿವರ್‌ಸೈಡ್ ಸೇರಿದರೆ ಅಲ್ಲೇ ಮುಗಿಸುವ ಮನಸ್ಸಿನಿಂದ ಸೇರಬೇಕು.

ಈಗ ಅಮ್ಮನವರಿಗೆ. ಫ್ರೆಶ್‌ಮನ್ ಆಗಿ ಯುಸಿಎಲ್‌ಎಗೆ ಅರ್ಜಿ ಹಾಕಿದರೆ ನೂರಕ್ಕೆ ಒಂಬತ್ತು ಜನಕ್ಕೆ ಸಿಗುತ್ತದೆ. ಟ್ರಾನ್ಸ್‌ಫರ್ ಆಗಿ ಹಾಕಿದರೆ ಹತ್ತಿರ ಹತ್ತಿರ ಕಾಲುಭಾಗಕ್ಕೆ ಸಿಗುತ್ತದೆ. ಬರ್ಕ್ಲಿಯೂ ಹೆಚ್ಚುಕಡಿಮೆ ಹಾಗೇ. ಎಲ್ಲರೂ ಈ ಕಾಲುಭಾಗವನ್ನೇ ಹಿಡಿದುಕೊಂಡು ಕುಣಿಯುತ್ತಾರೆ. ಅದು ಎಲ್ಲ ಮೇಜರ್‌ಗಳನ್ನೂ (ಡಿಗ್ರಿಯ ಮುಖ್ಯ ವಿಷಯ) ಸೇರಿಸಿದ ಲೆಕ್ಕ. ಇತಿಹಾಸ, ಸಮಾಜಶಾಸ್ತ್ರ ಓದುವವರಿಗೆ ಬಾಗಿಲು ಇನ್ನೂ ಅಗಲ. ಕಂಪ್ಯೂಟರ್ ಸೈನ್ಸ್‌ಗೆ ಮಾತ್ರ ಈ ಎರಡೂ ಕಡೆ ಸಿಗೋದು ನೂರಕ್ಕೆ ಹತ್ತಕ್ಕಿಂತ ಕಡಿಮೆ ಜನಕ್ಕೆ. ಅವರಲ್ಲೂ ಬಹುಪಾಲು ಜನ ನಾಲ್ಕಕ್ಕೆ 3.9ರ ಮೇಲೆ ಜಿಪಿಎ ಇಟ್ಟವರು. ಅಂದರೆ ನಿಮ್ಮ ಮಗ ಫ್ರೆಶ್‌ಮನ್ ಆಗಿ ಯಾವ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡನೋ ಎರಡು ವರ್ಷ ಆದಮೇಲೆ ಅದೇ ಇಕ್ಕಟ್ಟಿಗೆ ಮತ್ತೆ ಬಂದು ನಿಲ್ಲುತ್ತಾನೆ. ಕಮ್ಯುನಿಟಿ ಕಾಲೇಜ್ ಸರಿನಾ ತಪ್ಪಾ ಅನ್ನೋದನ್ನು ಆಮೇಲೆ ನೋಡಿ. ಮೊದಲು ಅವನು ಯಾವ ಮೇಜರ್‌ಗೆ ಒಪ್ಪುತ್ತಾನೆ ಅಂತ ಕೇಳಿ. ಗಣಿತ, ಅಪ್ಲೈಡ್ ಮ್ಯಾಥ್ಸ್, ಅರ್ಥಶಾಸ್ತ್ರ, ಕಾಗ್ನಿಟಿವ್ ಸೈನ್ಸ್ ಇವುಗಳಲ್ಲಿ ಯಾವುದಾದರೂ ಅವನಿಗೆ ನಿಜವಾಗಿ ಇಷ್ಟ ಇದೆಯಾ? ಯುಸಿ ತನ್ನ ವೆಬ್‌ಸೈಟ್‌ನಲ್ಲೇ ಕ್ಯಾಂಪಸ್, ಮೇಜರ್ ಪ್ರಕಾರ ಟ್ರಾನ್ಸ್‌ಫರ್ ಅಂಕಿಅಂಶ ಹಾಕುತ್ತದೆ. ಅವನ ಜೊತೆ ಕೂತು ನೋಡಿ. "ಬೇರೆ ಮೇಜರ್‌ನಲ್ಲಿ ಒಳಗೆ ಹೋಗಿ ಆಮೇಲೆ ಸಿಎಸ್‌ಗೆ ಬದಲಾಯಿಸುತ್ತೇನೆ" ಅನ್ನೋ ಲೆಕ್ಕ ಮಾತ್ರ ಬೇಡವೇ ಬೇಡ. ಬರ್ಕ್ಲಿ ಆ ದಾರಿಯನ್ನು ಬಹಳ ಬಿಗಿ ಮಾಡಿದೆ.

ಸನ್ನಿವೇಲ್ ಅಮ್ಮ:

ಮೇಷ್ಟ್ರೇ, ಇದನ್ನು ಯಾರೂ ಹೇಳಿರಲಿಲ್ಲ. ಟ್ಯಾಗ್ ಅಂತ ಏನೋ ಗ್ಯಾರಂಟಿ ಇದೆ ಅಂತ ಮಗ ಹೇಳುತ್ತಾನೆ, ಅದೇನು?

ಗಣಿತದ ಮೇಷ್ಟ್ರು:

ಟ್ಯಾಗ್ ಅಂದರೆ ಟ್ರಾನ್ಸ್‌ಫರ್ ಅಡ್ಮಿಶನ್ ಗ್ಯಾರಂಟಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳಲ್ಲಿ ಇದೆ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಇದರಲ್ಲಿ ಇಲ್ಲ. ಆರರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಎರಡನೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಅರ್ಜಿ. ಅವರು ಕೇಳಿದ ಜಿಪಿಎ, ಕೇಳಿದ ಕೋರ್ಸ್ ಎರಡೂ ಇದ್ದರೆ ಸೀಟು ಖಾತ್ರಿ. ಆದರೆ ಜಾಸ್ತಿ ನೂಕುನುಗ್ಗಲು ಇರುವ ಮೇಜರ್‌ಗಳನ್ನು ಕ್ಯಾಂಪಸ್‌ಗಳು ಟ್ಯಾಗ್‌ನಿಂದ ಹೊರಗೆ ಇಡುತ್ತವೆ. ಸ್ಯಾಂಟಾ ಬಾರ್ಬರಾದ ಇಂಜಿನಿಯರಿಂಗ್ ಕಾಲೇಜ್‌ಗೆ ಟ್ಯಾಗ್ ಇಲ್ಲ, ಕಂಪ್ಯೂಟರ್ ಸೈನ್ಸ್ ಇರೋದು ಅಲ್ಲೇ. ಪ್ರತಿ ವರ್ಷ ಪಟ್ಟಿ ಬದಲಾಗುತ್ತದೆ, ಆ ವರ್ಷದ್ದನ್ನೇ ನೋಡಬೇಕು. ಟ್ಯಾಗ್ ಹಾಕಿದವರು ಬರ್ಕ್ಲಿಗೂ ಯುಸಿಎಲ್‌ಎಗೂ ಮಾಮೂಲಿ ಅರ್ಜಿ ಹಾಕಬಹುದು. ಹಾಗಾಗಿ ಒಂದು ಕಾಲು ನೆಲದ ಮೇಲೆ ಇರುತ್ತದೆ.

ಯುಸಿಎಲ್‌ಎಗೆ ಟ್ಯಾಪ್ ಅಂತ ಬೇರೆ ಒಂದಿದೆ. ಕಮ್ಯುನಿಟಿ ಕಾಲೇಜ್‌ನ ಆನರ್ಸ್ ಕಾರ್ಯಕ್ರಮ ಮುಗಿಸಿದವರಿಗೆ ಲೆಟರ್ಸ್ ಅಂಡ್ ಸೈನ್ಸ್ (ಕಲೆ, ವಿಜ್ಞಾನ) ವಿಭಾಗದ ಮೇಜರ್‌ಗಳಲ್ಲಿ ಆದ್ಯತೆ ಕೊಡುತ್ತಾರೆ. ಅದು ಗ್ಯಾರಂಟಿ ಅಲ್ಲ. ಇಂಜಿನಿಯರಿಂಗ್‌ಗೆ ಅನ್ವಯಿಸೋದೂ ಇಲ್ಲ.

ರಾಯರು ಹೇಳಿದ "ಮೂರು ವರ್ಷ" ಸುಳ್ಳಲ್ಲ. ಕಾರಣ ಮಾತ್ರ ಸೋಮಾರಿತನ ಅಲ್ಲ, ಕೋರ್ಸ್‌ಗಳ ಸಾಲು. ಡಿ ಆಂಜಾ ಕ್ವಾರ್ಟರ್ ಪದ್ಧತಿ, ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳು. ಗಣಿತ 1ಎ, 1ಬಿ, 1ಸಿ, 1ಡಿ ಒಂದರ ಹಿಂದೆ ಒಂದು. ಆಮೇಲೆ 2ಎ, 2ಬಿ. ಫಿಸಿಕ್ಸ್ 4ಎ, 4ಬಿ, 4ಸಿ ಕೂಡ ಹಾಗೇ. ಪ್ರೋಗ್ರಾಮಿಂಗ್ ಸಾಲು ಬೇರೆ. ಮೊದಲ ಕ್ವಾರ್ಟರ್‌ನಲ್ಲಿ ಒಂದು ಸಾಲು ತಪ್ಪಿದರೆ ಕೊನೆಯ ತನಕ ತಪ್ಪುತ್ತಾ ಹೋಗುತ್ತದೆ. ಎಪಿ ಕ್ಯಾಲ್ಕುಲಸ್‌ನಲ್ಲಿ (ಹೈಸ್ಕೂಲ್‌ನಲ್ಲೇ ಬರೆಯುವ ಕಾಲೇಜ್ ಮಟ್ಟದ ಪರೀಕ್ಷೆ) ಒಳ್ಳೆ ಸ್ಕೋರ್ ಇದ್ದರೆ ಒಂದೆರಡು ಮೆಟ್ಟಿಲು ದಾಟಬಹುದು. ಯುಸಿಗೆ 60 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್) ಬೇಕು, ಕ್ವಾರ್ಟರ್ ಲೆಕ್ಕದಲ್ಲಿ 90. ಸೇರುವ ಮುಂಚಿನ ಸ್ಪ್ರಿಂಗ್ ಒಳಗೆ ಮುಗಿಸಿರಬೇಕು, ಆ ಬೇಸಿಗೆಯ ಕ್ಲಾಸ್ ಲೆಕ್ಕಕ್ಕಿಲ್ಲ. ಯಾವ ಕಾಲೇಜ್‌ನ ಯಾವ ಕೋರ್ಸ್ ಯಾವ ಯುಸಿಯ ಯಾವ ಕೋರ್ಸ್‌ಗೆ ಸಮ ಅಂತ ಅಸಿಸ್ಟ್ ಅನ್ನೋ ಸರ್ಕಾರಿ ವೆಬ್‌ಸೈಟ್ ಹೇಳುತ್ತದೆ. ಕೌನ್ಸೆಲರ್ ಹೇಳಿದರೂ ಅಸಿಸ್ಟ್ ನೋಡಿ. ನಾನು ಹೇಳಿದರೂ ಅಸಿಸ್ಟ್ ನೋಡಿ. ಒಂದು ಸಾಲನ್ನು ಒಂದೇ ಕಾಲೇಜ್‌ನಲ್ಲಿ ಮುಗಿಸಿ. ಅರ್ಧ ಡಿ ಆಂಜಾ, ಅರ್ಧ ಮಿಶನ್ ಕಾಲೇಜ್ ಅಂತ ಮಾಡಿದರೆ ಎಷ್ಟೋ ಸಲ ಎರಡೂ ಕೂಡಿಬರೋದಿಲ್ಲ.

ಚಿಕೋರಿ ಕಾಫಿ:

ನಾನು ಈ ದಾರಿಯಲ್ಲೇ ಬಂದವನು. ಈಗ ಯುಸಿಎಲ್‌ಎಯಲ್ಲಿ ಕೊನೆಯ ವರ್ಷ, ಗಣಿತ. ಮನೇಲಿ ಕನ್ನಡ, ಬರೆಯೋದು ಮಾತ್ರ ಅಮ್ಮನ ಹತ್ತಿರ ಕಲಿತದ್ದು. ತಪ್ಪಿದ್ದರೆ ಕ್ಷಮಿಸಿ.

ಮೇಷ್ಟ್ರು ಹೇಳದೇ ಬಿಟ್ಟ ಕೆಲವು ವಿಷಯ. ಟ್ರಾನ್ಸ್‌ಫರ್‌ಗೆ ಎಸ್‌ಎಟಿ ಇಲ್ಲ, ಹೈಸ್ಕೂಲ್ ಮಾರ್ಕ್ಸ್ ಯಾರೂ ಕೆದಕೋದಿಲ್ಲ. ಹೈಸ್ಕೂಲ್‌ನಲ್ಲಿ ಮುಗ್ಗರಿಸಿದವರಿಗೆ ಇದು ದೊಡ್ಡ ಬಿಡುಗಡೆ. ನಿಮ್ಮ ಮಗ ಮುಗ್ಗರಿಸಿಲ್ಲ, ಹಾಗಾಗಿ ಅವನಿಗೆ ಇದರಿಂದ ಅಂಥ ಲಾಭ ಇಲ್ಲ. ನಾಲ್ಕು ಪ್ರಬಂಧ, ಒಂದೊಂದು 350 ಪದ. ಮೂರನ್ನು ಆರಿಸಿಕೊಳ್ಳಬಹುದು, ಒಂದು ಕಡ್ಡಾಯ: ಈ ಮೇಜರ್‌ಗೆ ನೀನು ಹೇಗೆ ತಯಾರಾಗಿದ್ದೀಯಾ? ಫ್ರೆಶ್‌ಮನ್ ಅರ್ಜಿಯಲ್ಲಿ ಕನಸು ಬರೆದರೆ ನಡೆಯುತ್ತದೆ. ಇಲ್ಲಿ ಮಾಡಿದ್ದನ್ನು ಬರೆಯಬೇಕು. ನಾನು ಕಾಲೇಜ್‌ನ ಟ್ಯೂಟರಿಂಗ್ ಸೆಂಟರ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ಅದನ್ನೇ ಬರೆದೆ. ಅರ್ಜಿ ಹಾಕುವಾಗ ಕೈಯಲ್ಲಿ ಒಂದೇ ವರ್ಷದ ಗ್ರೇಡ್ ಇರುತ್ತದೆ. ಜನವರಿಯಲ್ಲಿ ಫಾಲ್ ಗ್ರೇಡ್ ಸೇರಿಸಿ ಅಪ್‌ಡೇಟ್ ಕಳಿಸಬೇಕು. ಅದನ್ನು ಮರೆತು ಅತ್ತವರು ನನ್ನ ಕ್ಲಾಸ್‌ನಲ್ಲೇ ಇದ್ದಾರೆ. ಏಪ್ರಿಲ್‌ನಲ್ಲಿ ಉತ್ತರ ಬರುತ್ತದೆ. ಅಷ್ಟರಲ್ಲಿ ಹೈಸ್ಕೂಲ್ ಗೆಳೆಯರು ಎರಡನೇ ವರ್ಷ ಮುಗಿಸುತ್ತಾ ಇನ್‌ಸ್ಟಾಗ್ರಾಂನಲ್ಲಿ ಹಾಸ್ಟೆಲ್ ಫೋಟೋ ಹಾಕುತ್ತಿರುತ್ತಾರೆ. ಆ ಎರಡು ವರ್ಷ ಒಂಟಿ ಅನ್ನಿಸುತ್ತದೆ. ರಾಯರ ಈ ಮಾತು ನಿಜ.

ಆದರೆ "ಓದೋ ಜೊತೆ ಸಿಗೋದಿಲ್ಲ" ಅನ್ನೋದನ್ನು ನಾನು ಒಪ್ಪೋದಿಲ್ಲ. ನನ್ನ ಲೀನಿಯರ್ ಆಲ್ಜೀಬ್ರಾ ಗುಂಪಿನಲ್ಲಿ ರಾತ್ರಿ ಪಾಳಿ ಸೆಕ್ಯುರಿಟಿ ಕೆಲಸ ಮಾಡಿ ಬರುತ್ತಿದ್ದ ಒಬ್ಬರು, ಸೈನ್ಯದಿಂದ ಬಂದ ಒಬ್ಬರು, ವಿಯೆಟ್ನಾಂನಿಂದ ಬಂದ ಒಬ್ಬಳು ಇದ್ದರು. ಅವರಷ್ಟು ಗಟ್ಟಿಯಾಗಿ ಓದುವವರನ್ನು ನಾನು ಯುಸಿಎಲ್‌ಎಯಲ್ಲೂ ಜಾಸ್ತಿ ನೋಡಿಲ್ಲ. ಕ್ಲಾಸ್‌ನಲ್ಲಿ ಮೂವತ್ತು, ನಲವತ್ತು ಜನ. ಪಾಠ ಮಾಡೋದು ಪ್ರೊಫೆಸರೇ. ಇಲ್ಲಿ ಕೆಲವು ಕ್ಲಾಸ್‌ನಲ್ಲಿ ಮುನ್ನೂರು ಜನ ಕೂರುತ್ತೇವೆ.

ಬಂದ ಮೇಲೆ ಮೊದಲ ಕ್ವಾರ್ಟರ್ ಪೆಟ್ಟು ಬೀಳುತ್ತದೆ. ಟ್ರಾನ್ಸ್‌ಫರ್ ಶಾಕ್ ಅಂತಲೇ ಕರೆಯುತ್ತಾರೆ. ಹತ್ತು ವಾರದಲ್ಲಿ ಅಪ್ಪರ್ ಡಿವಿಷನ್ (ಕೊನೆಯ ಎರಡು ವರ್ಷದ ಮಟ್ಟದ) ಅನಾಲಿಸಿಸ್, ಸುತ್ತ ಕೂತವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಅದಕ್ಕಿಂತ ದೊಡ್ಡ ತೊಂದರೆ ಇಂಟರ್ನ್‌ಶಿಪ್. ನಮಗೆ ಸಿಗೋದು ಒಂದೇ ಬೇಸಿಗೆ. ಅದಕ್ಕೆ ಕಂಪನಿಗಳು ಹುಡುಕಾಟ ಶುರು ಮಾಡೋದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ನಾವು ಇನ್ನೂ ಗಂಟುಮೂಟೆ ಇಳಿಸುತ್ತಿರುತ್ತೇವೆ. ರೆಸ್ಯುಮೆ, ಒಂದೆರಡು ಪ್ರಾಜೆಕ್ಟ್ ಕಮ್ಯುನಿಟಿ ಕಾಲೇಜ್‌ನಲ್ಲಿರುವಾಗಲೇ ತಯಾರಾಗಿರಬೇಕು. ವಸತಿ ವಿಷಯದಲ್ಲಿ ಯುಸಿಎಲ್‌ಎ ಟ್ರಾನ್ಸ್‌ಫರ್ ಮಕ್ಕಳಿಗೂ ಎರಡು ವರ್ಷ ಜಾಗ ಕೊಡುತ್ತದೆ, ಅದೊಂದು ನೆಮ್ಮದಿ.

ಫ್ರೀಮಾಂಟ್ ರಾಯರು:

ತಮ್ಮಾ, ಕನ್ನಡ ಚೆನ್ನಾಗಿದೆ, ಕ್ಷಮೆ ಏನೂ ಬೇಡ. ಜೊತೆ ಸಿಗೋದಿಲ್ಲ ಅನ್ನೋ ಮಾತು ವಾಪಸ್ ತಗೊಳ್ಳುತ್ತೇನೆ. ಉಳಿದದ್ದು ಹಾಗೇ ಇರಲಿ. ನೀನೇ ಹೇಳಿದೆಯಲ್ಲ, ಹುಡುಗ ಮುಗ್ಗರಿಸಿಲ್ಲ, ಲಾಭ ಇಲ್ಲ ಅಂತ.

ಬಸವನಗುಡಿ ಅಪ್ಪ:

ಮಧ್ಯೆ ನುಗ್ಗುತ್ತಿದ್ದೇನೆ. ನಾವು ಬೆಂಗಳೂರಲ್ಲಿ ಇರುವವರು. ಮಗಳು ಎರಡನೇ ಪಿಯು. ಜಯನಗರದಲ್ಲಿ ಒಬ್ಬ ಏಜೆಂಟ್ "ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜ್ ಸೇರಿಸಿ, ಎರಡು ವರ್ಷ ಆದಮೇಲೆ ಬರ್ಕ್ಲಿ ಗ್ಯಾರಂಟಿ, ಅರ್ಧ ಖರ್ಚು" ಅಂತಾನೆ. ನಂಬಬಹುದಾ?

ಗಣಿತದ ಮೇಷ್ಟ್ರು:

ಬರ್ಕ್ಲಿ ಗ್ಯಾರಂಟಿ ಅಂದ ಕ್ಷಣವೇ ಎದ್ದು ಬನ್ನಿ. ಮೇಲೆ ಬರೆದಿದ್ದೇನಲ್ಲ, ಬರ್ಕ್ಲಿ ಟ್ಯಾಗ್‌ನಲ್ಲೇ ಇಲ್ಲ.

ಆದರೆ ದಾರಿ ಇರೋದು ನಿಜ. ಡಿ ಆಂಜಾ, ಫುಟ್‌ಹಿಲ್, ಸ್ಯಾಂಟಾ ಮೋನಿಕಾ, ಡಯಾಬ್ಲೋ ವ್ಯಾಲಿ ಇಲ್ಲೆಲ್ಲ ವಿದೇಶಿ ಮಕ್ಕಳು ತುಂಬಾ ಜನ ಇದ್ದಾರೆ. ಖರ್ಚಿನ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ಕ್ಯಾಲಿಫೋರ್ನಿಯಾ ನಿವಾಸಿಗೆ ಡಿ ಆಂಜಾದಲ್ಲಿ ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್. 90 ಯೂನಿಟ್ ಅಂದರೆ 2,790 ಡಾಲರ್, ಎರಡು ವರ್ಷಕ್ಕೆ! ಆ "ಅಗ್ಗ" ಅನ್ನೋ ಹೆಸರು ಬಂದಿದ್ದು ಇದರಿಂದ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುವ ಮಕ್ಕಳಿಗೆ ಅದರ ಮೇಲೆ ಯೂನಿಟ್‌ಗೆ ಇನ್ನೂರಕ್ಕಿಂತ ಜಾಸ್ತಿ ಡಾಲರ್ ಬೀಳುತ್ತದೆ. ಕೂಪರ್ಟಿನೋದಲ್ಲಿ ಬಾಡಿಗೆ ಫೀಸ್‌ಗಿಂತ ದುಬಾರಿ, ಹಾಸ್ಟೆಲ್ ಇಲ್ಲ. ಯುಸಿಗೆ ಹೋದಮೇಲೆ ನಿವಾಸಿಗಳು ಕೊಡುವ ಸುಮಾರು 15 ಸಾವಿರ ಡಾಲರ್ ಮೇಲೆ ಹೊರಗಿನವರು ವರ್ಷಕ್ಕೆ 30 ಸಾವಿರಕ್ಕಿಂತ ಜಾಸ್ತಿ ಕೊಡಬೇಕು. ಊಟ, ಮನೆ ಬೇರೆ. ಮೊದಲ ಎರಡು ವರ್ಷ ಉಳಿಯುತ್ತದೆ, ಕೊನೆಯ ಎರಡು ವರ್ಷ ಪೂರ್ತಿ ಬೆಲೆ. ಆ ದುಡ್ಡು ಈಗಲೇ ಕಣ್ಣಿಗೆ ಕಾಣಿಸುತ್ತಿದ್ದರೆ ಮಾತ್ರ ಹೊರಡಿ. ಜೊತೆಗೆ ಎಫ್-1ನವರು ಟರ್ಮ್‌ಗೆ ಕನಿಷ್ಠ 12 ಯೂನಿಟ್ ತಗೊಳ್ಳಬೇಕು. ಅದರಲ್ಲಿ ಆನ್‌ಲೈನ್ ಕ್ಲಾಸ್ ಒಂದೇ ಒಂದು ಲೆಕ್ಕಕ್ಕೆ ಬರುತ್ತದೆ.

ಬಸವನಗುಡಿ ಅಪ್ಪ:

ಧನ್ಯವಾದ. ಏಜೆಂಟ್ ಹತ್ತಿರ ಇನ್ನು ಹೋಗೋದಿಲ್ಲ. ಮಗಳು ಸಿಇಟಿ ಬರೆಯುತ್ತಾಳೆ, ಅದೂ ನೋಡೋಣ.

ಇಪ್ಪತ್ತೊಂದರ ಹೊಸ್ತಿಲು:

ಆಂಟಿ, ನೀವು ಎಚ್-4 ಅಂತ ಒಂದು ಸಾಲು ಬರೆದು ಬಿಟ್ಟಿದ್ದೀರಿ. ನನ್ನ ಪ್ರಕಾರ ನಿಮ್ಮ ಮನೆಯ ಮುಖ್ಯ ವಿಷಯವೇ ಅದು. ಸುಮ್ನೆ ಹೆದರಿಸೋಕೆ ಹೇಳುತ್ತಿಲ್ಲ.

ಎಚ್-4ನಲ್ಲಿ ಇರುವಾಗ ನಿಮ್ಮ ಮಗ ಕ್ಯಾಲಿಫೋರ್ನಿಯಾ ನಿವಾಸಿ ಅನ್ನಿಸಿಕೊಳ್ಳಬಹುದು. ಎಚ್-1ಬಿ, ಎಚ್-4 ಎರಡಕ್ಕೂ ಆ ಅವಕಾಶ ಇದೆ. ಎಫ್-1ಗೆ ಇಲ್ಲ. ಎಚ್-4 ಇಪ್ಪತ್ತೊಂದು ತುಂಬಿದ ದಿನ ಮುಗಿಯುತ್ತದೆ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರದಿದ್ದರೆ ಎಫ್-1ಗೆ ಬದಲಾಯಿಸಿಕೊಳ್ಳಬೇಕು. ಈಗ ಲೆಕ್ಕ ಹಾಕಿ. ಹದಿನೆಂಟಕ್ಕೆ ಕಮ್ಯುನಿಟಿ ಕಾಲೇಜ್, ಇಪ್ಪತ್ತಕ್ಕೆ ಯುಸಿ, ಇಪ್ಪತ್ತೊಂದಕ್ಕೆ ವೀಸಾ ಬದಲು. ಅಂದರೆ ಕಡಿಮೆ ಫೀಸ್‌ನ ವರ್ಷಗಳು ಕಮ್ಯುನಿಟಿ ಕಾಲೇಜ್‌ನಲ್ಲಿ ಕಳೆದುಹೋಗಿ, ಯುಸಿಯ ಕೊನೆಯ ಭಾಗದಲ್ಲಿ ಹೊರಗಿನವರ ಫೀಸ್ ಬೀಳುವ ಅಪಾಯ ಇದೆ. ಫ್ರೆಶ್‌ಮನ್ ಆಗಿ ಸೇರಿದರೂ ಇಪ್ಪತ್ತೊಂದು ಬಂದೇ ಬರುತ್ತದೆ, ಆದರೆ ಆಗ ಯುಸಿಯ ಹೆಚ್ಚು ವರ್ಷ ನಿವಾಸಿ ಫೀಸ್‌ನಲ್ಲೇ ಮುಗಿದಿರುತ್ತದೆ. ಮೂರನೇ ವರ್ಷಕ್ಕೆ ಜಾರಿದರಂತೂ ಇನ್ನೂ ಕಷ್ಟ.

ಪ್ರತಿ ಯುಸಿ ಕ್ಯಾಂಪಸ್‌ನಲ್ಲೂ ರೆಸಿಡೆನ್ಸ್ ಡೆಪ್ಯುಟಿ ಅಂತ ಒಬ್ಬರು ಇರುತ್ತಾರೆ. ವಿನಾಯಿತಿ ಏನಾದರೂ ಅನ್ವಯಿಸುತ್ತದಾ ಅಂತ ಅವರಿಗೆ ಇಮೇಲ್ ಬರೆದು ಲಿಖಿತ ಉತ್ತರ ತಗೊಳ್ಳಿ. ಫೋನ್‌ನಲ್ಲಿ ಹೇಳಿದ್ದನ್ನು ನಂಬಬೇಡಿ. ನಾನು ಓದುವ ಕಡೆ ಫೋನ್‌ನಲ್ಲಿ ಒಬ್ಬರು ಒಂದು ಹೇಳಿದರು, ಬಿಲ್ ಬೇರೆಯೇ ಬಂತು. ಕ್ಯಾಂಪಸ್ ಹೆಸರು ಬೇಡ.

ಇನ್ನೊಂದು ಕಡೆಯೂ ಇದೆ. ಎಚ್-4 ಮಕ್ಕಳು ಕೆಲಸ ಮಾಡುವ ಹಾಗಿಲ್ಲ. ಸಂಬಳದ ಇಂಟರ್ನ್‌ಶಿಪ್ ಸಿಕ್ಕರೂ ಸೇರೋಕಾಗೋದಿಲ್ಲ. ಚಿಕೋರಿ ಅಣ್ಣ ಹೇಳಿದ ಆ ಒಂದೇ ಬೇಸಿಗೆ ಕೈತಪ್ಪುತ್ತದೆ. ಎಫ್-1 ಆದರೆ ಸಿಪಿಟಿ, ಒಪಿಟಿ ಅನ್ನೋ ಕೆಲಸದ ಅನುಮತಿ ಸಿಗುತ್ತದೆ, ಫೀಸ್ ಏರುತ್ತದೆ. ಫೀಸ್ ಉಳಿಸೋದಾ, ಕೆಲಸದ ಅನುಭವ ಪಡೆಯೋದಾ ಅನ್ನೋದು ನಮ್ಮಂಥ ಮನೆಗಳ ಜಗಳ. ಫಾಫ್ಸಾ ಅನ್ನೋ ಅರ್ಜಿ ಮೂಲಕ ಸಿಗುವ ಫೆಡರಲ್ ನೆರವೂ ನಮಗಿಲ್ಲ. ವೀಸಾ ಬದಲಿಸುವ ಐ-539 ಅರ್ಜಿಯನ್ನು ಹುಟ್ಟುಹಬ್ಬಕ್ಕೆ ಸಾಕಷ್ಟು ಮುಂಚೆ ಹಾಕಿ, ವಕೀಲರನ್ನು ಕೇಳಿಯೇ ಹಾಕಿ.

ಸನ್ನಿವೇಲ್ ಅಮ್ಮ:

ಇದನ್ನು ಓದಿ ಯಜಮಾನರು ಲ್ಯಾಪ್‌ಟಾಪ್ ನನ್ನ ಕೈಯಿಂದ ತಗೊಂಡು ಎಕ್ಸೆಲ್ ಶೀಟ್ ಶುರು ಮಾಡಿದ್ದಾರೆ. ಕಾರ್ಯಕ್ರಮದಲ್ಲಿ ಏನು ಹೇಳೋದು ಅನ್ನೋ ಚಿಂತೆ ಸದ್ಯಕ್ಕೆ ಹಿಂದೆ ಹೋಗಿದೆ. ಮಗನಿಗೆ ಅಕ್ಟೋಬರ್‌ನಲ್ಲಿ ಹದಿನೆಂಟು ತುಂಬುತ್ತದೆ.

ಮಂಡ್ಯದ ಮಗಳು:

ಇಲ್ಲಿ ಎಲ್ಲರೂ ಬರ್ಕ್ಲಿ ಬರ್ಕ್ಲಿ ಅಂತಿದ್ದೀರಿ, ನನ್ನದು ಬೇರೆ ಕಥೆ. ಮಂಡ್ಯದಲ್ಲಿ ಬಿಎಸ್‌ಸಿ ಅರ್ಧಕ್ಕೆ ಬಿಟ್ಟು ಮದುವೆ ಆಗಿ ಇಲ್ಲಿಗೆ ಬಂದೆ. ಮಗಳು ಸ್ಕೂಲ್‌ಗೆ ಹೋಗೋಕೆ ಶುರು ಮಾಡಿದಮೇಲೆ ಫೋಲ್ಸಮ್ ಲೇಕ್ ಕಾಲೇಜ್‌ನಲ್ಲಿ ಒಂದು ಕೆಮಿಸ್ಟ್ರಿ ಕ್ಲಾಸ್ ತಗೊಂಡೆ. ವಯಸ್ಸು ಎಷ್ಟು ಅಂತ ಯಾರೂ ಕೇಳಲಿಲ್ಲ. ಆಮೇಲೆ ಇನ್ನೊಂದು, ಮತ್ತೊಂದು. ಕೊನೆಗೆ ಟ್ಯಾಗ್ ಹಾಕಿ ಡೇವಿಸ್‌ಗೆ ಹೋದೆ, ಫುಡ್ ಸೈನ್ಸ್. ಆ ವಿಷಯದಲ್ಲಿ ಡೇವಿಸ್‌ಗೆ ದೊಡ್ಡ ಹೆಸರು. ಬರ್ಕ್ಲಿಯಲ್ಲಿ ಸಿಕ್ಕಿದ್ದರೂ ನಾನು ಹೋಗುತ್ತಿರಲಿಲ್ಲ.

ಅಮ್ಮಾ, ನಿಮ್ಮ ಯಜಮಾನರಿಗೆ ಹೀಗೆ ಹೇಳಿ. ನಮ್ಮ ಕಡೆ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರುತ್ತಾರಲ್ಲ, ಅವರಲ್ಲಿ ಎಂಥೆಂಥ ಇಂಜಿನಿಯರ್‌ಗಳು ಬಂದಿಲ್ಲ? ಅವರ ಆಫೀಸ್‌ನಲ್ಲೇ ಒಬ್ಬರಾದರೂ ಇರುತ್ತಾರೆ. ಡಿಗ್ರಿ ಮೇಲೆ "ಟ್ರಾನ್ಸ್‌ಫರ್" ಅಂತ ಯಾರೂ ಬರೆಯೋದಿಲ್ಲ. ಆಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಡಿ ಆಂಜಾದಲ್ಲಿ ಓದಿ ಬರ್ಕ್ಲಿಗೆ ಹೋದವರು.

ಫ್ರೀಮಾಂಟ್ ರಾಯರು:

ವೋಜ್ನಿಯಾಕ್ ಬರ್ಕ್ಲಿ ಡಿಗ್ರಿ ಮುಗಿಸಿದ್ದು 1986ರಲ್ಲಿ, ಆಪಲ್ ಕಟ್ಟಿದ ಎಷ್ಟೋ ವರ್ಷದ ಮೇಲೆ. ಅವರನ್ನು ನೋಡಿ ನಮ್ಮ ಮಕ್ಕಳ ದಾರಿ ಆರಿಸೋದು ಬೇಡ. ಡಿಸಿಇಟಿ ಮಾತು ಮಾತ್ರ ಒಪ್ಪಿದೆ. ನನ್ನ ಮ್ಯಾನೇಜರ್ ಒಬ್ಬರು ಹಾಗೇ ಬಂದವರು.

ಪೊಟೊಮ್ಯಾಕ್ ತೀರ:

ಬೇರೆ ರಾಜ್ಯದವರಿಗೆ ಒಂದು ಮಾತು. ಇದು ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಇರೋದಲ್ಲ. ವರ್ಜೀನಿಯಾದ ಕಮ್ಯುನಿಟಿ ಕಾಲೇಜ್‌ಗಳಿಗೆ ಯೂನಿವರ್ಸಿಟಿ ಆಫ್ ವರ್ಜೀನಿಯಾ, ವಿಲಿಯಂ ಅಂಡ್ ಮೇರಿ ಜೊತೆ ಖಾತ್ರಿ ಪ್ರವೇಶದ ಒಪ್ಪಂದ ಇದೆ. ನಮ್ಮ ಕಡೆಯ ನೋವಾ (ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ) ಕಾಲೇಜ್‌ನಿಂದ ಎಷ್ಟೋ ಮಕ್ಕಳು ಹಾಗೆ ಹೋಗುತ್ತಾರೆ. ಇಲಿನಾಯ್‌ನಲ್ಲಿ ಪಾರ್ಕ್‌ಲ್ಯಾಂಡ್ ಕಾಲೇಜ್‌ನಿಂದ ಅರ್ಬಾನಾ-ಶಾಂಪೇನ್ ಇಂಜಿನಿಯರಿಂಗ್‌ಗೆ ದಾರಿ ಇದೆ.

ಖಾಸಗಿ ಕಡೆ ಪರಿಸ್ಥಿತಿ ಬೇರೆ. ಪ್ರಿನ್ಸ್‌ಟನ್ 1990ರಿಂದ ಟ್ರಾನ್ಸ್‌ಫರ್ ತಗೊಳ್ಳೋದನ್ನೇ ನಿಲ್ಲಿಸಿ 2018ರಲ್ಲಿ ಮತ್ತೆ ಶುರು ಮಾಡಿತು. ಆಗ ಕಮ್ಯುನಿಟಿ ಕಾಲೇಜ್‌ನವರಿಗೆ, ಸೈನ್ಯದಿಂದ ಬಂದವರಿಗೆ ಒತ್ತು ಕೊಟ್ಟಿತು. ಆದರೂ ಸೇರುವವರು ಕೆಲವೇ ಮಂದಿ. ಸ್ಟ್ಯಾನ್‌ಫರ್ಡ್, ಹಾರ್ವರ್ಡ್ ಕೂಡ ಹಾಗೇ, ನೆಚ್ಚಿಕೊಳ್ಳುವ ಹಾಗಿಲ್ಲ. ಕಾರ್ನೆಲ್ ಮಾತ್ರ ಐವಿ ಲೀಗ್‌ನಲ್ಲಿ ನೂರಾರು ಜನರನ್ನು ತಗೊಳ್ಳುತ್ತದೆ. ಲಾಸ್ ಏಂಜಲೀಸ್‌ನ ಯುಎಸ್‌ಸಿಯೂ ದೊಡ್ಡ ಸಂಖ್ಯೆಯಲ್ಲಿ ತಗೊಳ್ಳುತ್ತದೆ. ಜ್ಯಾಕ್ ಕೆಂಟ್ ಕುಕ್ ಫೌಂಡೇಶನ್‌ನ ಟ್ರಾನ್ಸ್‌ಫರ್ ಸ್ಕಾಲರ್‌ಶಿಪ್ ವರ್ಷಕ್ಕೆ 55 ಸಾವಿರ ಡಾಲರ್ ತನಕ ಕೊಡುತ್ತದೆ. ಪೈಪೋಟಿ ವಿಪರೀತ.

ಸನ್ನಿವೇಲ್ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮೂವರೂ ಕೂತು ಯುಸಿಯ ಮೇಜರ್ ಪಟ್ಟಿ ನೋಡಿದೆವು. ಸಿಎಸ್ ಸಾಲಿನ ಅಂಕಿ ನೋಡಿ ಮಗ ಸುಮ್ಮನಾದ. ಆಮೇಲೆ "ಅಪ್ಲೈಡ್ ಮ್ಯಾಥ್ಸ್ ಆದರೂ ನನಗೆ ಓಕೆ, ನಿಜವಾಗಿ ಓಕೆ" ಅಂದ. ನಿಜವಾಗಿ ಅನ್ನೋದನ್ನು ಎರಡು ಸಲ ಕೇಳಿಸಿಕೊಂಡೆ. ಯಜಮಾನರು ರಿವರ್‌ಸೈಡ್ ಕಡೆ, ವೀಸಾ ಲೆಕ್ಕದ ಕಾರಣಕ್ಕೆ. ಮೇ 1ರ ಒಳಗೆ ರಿವರ್‌ಸೈಡ್‌ಗೆ ಹೂಂ ಅನ್ನಬೇಕು. ರೆಸಿಡೆನ್ಸ್ ಡೆಪ್ಯುಟಿಗೆ ಇಮೇಲ್ ಹಾಕಿದ್ದೇವೆ, ಉತ್ತರ ನೋಡಿ ತೀರ್ಮಾನ. ಒಂದು ವೇಳೆ ಡಿ ಆಂಜಾನೇ ಅಂತ ಆದರೆ ಮೊದಲು ಏನು ಮಾಡಬೇಕು?

ಗಣಿತದ ಮೇಷ್ಟ್ರು:

ಈಗಲೇ ಅರ್ಜಿ ಹಾಕಿಡಿ, ಅದಕ್ಕೆ ದುಡ್ಡಿಲ್ಲ. ರಿವರ್‌ಸೈಡ್‌ಗೆ ಹೂಂ ಅಂದರೂ ಇದರಿಂದ ತೊಂದರೆ ಇಲ್ಲ. ಎಪಿ ಸ್ಕೋರ್ ಕಾಲೇಜ್‌ಗೆ ಕಳಿಸಿ, ಗಣಿತದಲ್ಲಿ ಎಲ್ಲಿಂದ ಶುರು ಅಂತ ಗೊತ್ತಾಗುತ್ತದೆ. ಓರಿಯೆಂಟೇಶನ್, ಎಜುಕೇಶನ್ ಪ್ಲಾನ್ ಬೇಗ ಮುಗಿಸಿದರೆ ರಿಜಿಸ್ಟ್ರೇಶನ್ ದಿನ ಮುಂಚೆ ಸಿಗುತ್ತದೆ. ಹೊಸಬರಿಗೆ ತಡವಾಗಿ ಸಿಗೋದರಿಂದ ಗಣಿತ, ಫಿಸಿಕ್ಸ್ ಕ್ಲಾಸ್ ಅಷ್ಟರಲ್ಲಿ ತುಂಬಿರುತ್ತವೆ. ವೇಯ್ಟ್‌ಲಿಸ್ಟ್‌ಗೆ ಹಾಕಿ ಮೊದಲ ದಿನ ಕ್ಲಾಸ್‌ಗೆ ಹೋಗಿ ಕೂರಲಿ. ಮೊದಲ ವಾರ ಎಷ್ಟೋ ಜನ ಬಿಡುತ್ತಾರೆ, ಕ್ಲಾಸ್‌ಗೆ ಸೇರಿಕೊಳ್ಳೋಕೆ ಮೇಷ್ಟ್ರು ಆ್ಯಡ್ ಕೋಡ್ ಕೊಡುತ್ತಾರೆ. ನಾನಂತೂ ಪ್ರತಿ ಸಲ ಕೊಟ್ಟಿದ್ದೇನೆ.

ಚಿಕೋರಿ ಕಾಫಿ:

ಮತ್ತೆ ಪಾರ್ಕಿಂಗ್. ಕ್ವಾರ್ಟರ್‌ನ ಮೊದಲ ವಾರಗಳಲ್ಲಿ ಜಾಗ ಸಿಗೋದಿಲ್ಲ. ವಿಟಿಎ ಬಸ್‌ನಲ್ಲಿ ಹೋಗಲಿ.